ಬರಿಗಾಲಲ್ಲಿ ಗಂಗೊಳ್ಳಿಗೆ

ಪಂಪಾವತಿಯ ಬಾಯಿ ಜೋರು. ಹಂಪಿಯ ತಳವಾರಘಟ್ಟದಲ್ಲಿ ಅಪ್ಪನ ತೆಪ್ಪ ನಡೆಸಿಕೊಂಡು ಬಂದ ಹೆಣ್ಣುಮಗಳಿಗೆ ಅದಿಲ್ಲದಿದ್ದರೆ ನಡೆಯುವುದೂ ಇಲ್ಲ ಬಿಡಿ. ಆದರೆ ಆರು ವರ್ಷದ ಹಿಂದೆ ಆ ಬಾಯಿಯೇ ಅವಳ ಮನೆ ಬರಿದು ಮಾಡಿತು. ಡ್ಯಾಮಿನಿಂದ ನೀರು ಬಿಟ್ಟಿದ್ದ ದಿನ ತಮ್ಮ ಮಾರುತೇಶ್ ಯಾರ ಮಾತೂ ಕೇಳದೆ ತೆಪ್ಪ ಇಳಿಸಿದ. ಅವನೇನೋ ಈಜಿ ದಡ ಸೇರಿದ, ತೆಪ್ಪ ಸೇರಲಿಲ್ಲ.

"ಇನ್ನ ನಿನ್ನ ಮಾರಿ ನನಗ ತೋರಿಸಬ್ಯಾಡ ಲೇ!" ಎಂದು ಮಂದಿಯ ಎದುರೇ ಕೂಗಿದಳು. ಎಂದೂ ಅಕ್ಕನ ಮಾತು ಕೇಳದವನು ಅದೊಂದನ್ನು ಮಾತ್ರ ಚಾಚೂ ತಪ್ಪದೆ ಪಾಲಿಸಿದ.

ಹೊಸ ತೆಪ್ಪ ಬಂತು, ತಮ್ಮ ಬರಲಿಲ್ಲ. ಅವನ ಫೋನ್ ನಂಬರೂ ಬದಲಾಯಿತು. ಅವಳು ಇವತ್ತಿಗೂ ಎರಡು ರೊಟ್ಟಿ ಹೆಚ್ಚಿಗೆ ತಟ್ಟುತ್ತಾಳೆ, ಆಮೇಲೆ ತನ್ನನ್ನೇ ಬೈದುಕೊಳ್ಳುತ್ತಾಳೆ. ಮೊನ್ನೆ, ಕರಾವಳಿಗೆ ಮೀನಿನ ಕೆಲಸಕ್ಕೆ ಹೋಗಿ ಬಂದ ಕಂಪ್ಲಿಯ ಭರಮಣ್ಣ, "ನಿನ್ನ ತಮ್ಮನ್ನ ಗಂಗೊಳ್ಳಿಯಾಗ ನೋಡಿದೆನವ್ವ" ಎಂದ. ಅಷ್ಟೇ ಸಾಕಾಯಿತು. ತಿಂಗಳಾದರೂ ಕೆಡದ ಕಟಿ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು, 'ಮನಿಗೆ ಬಾ' ಎಂಬ ಒಂದೇ ಮಾತು ಹೇಳಲು ಒಬ್ಬಳೇ ಹೊರಟಳು.

ಬೆಳಿಗ್ಗೆ ಕುಂದಾಪುರದಲ್ಲಿ ಬಸ್ಸಿಳಿದಳು. ಹೊಳೆಯ ಆಚೆ ದಡವೇ ಗಂಗೊಳ್ಳಿ. ದಾಟಿಸುವ ದೋಣಿ ಹತ್ತುವಾಗ ರೂಢಿಯಂತೆ ಚಪ್ಪಲಿ ಕಳಚಿ ದಡದ ಮೆಟ್ಟಿಲ ಮೇಲೆ ಬಿಟ್ಟಳು. ತೆಪ್ಪದೊಳಗೆ ಚಪ್ಪಲಿಗಾಲು ಇಡಬಾರದೆಂದು ಅಪ್ಪ ಜಂಬಪ್ಪ ಇಬ್ಬರು ಮಕ್ಕಳಿಗೂ ಕಿವಿ ಹಿಂಡಿ ಕಲಿಸಿದ್ದ. ನಡುಹೊಳೆಗೆ ಬಂದಮೇಲೆ ನೋಡಿದರೆ ಉಳಿದವರೆಲ್ಲ ಚಪ್ಪಲಿ ಮೆಟ್ಟಿಕೊಂಡೇ ಕೂತಿದ್ದಾರೆ! ದೂರದಲ್ಲಿ ಕಡಲು ಕಂಡಿತು. ಆಚೆ ದಡವೇ ಇಲ್ಲದ ನೀರನ್ನು ಅವಳು ನೋಡಿದ್ದು ಅದೇ ಮೊದಲು. ಇಷ್ಟು ನೀರಿನಲ್ಲಿ ಅವನನ್ನು ಎಲ್ಲಿ ಹುಡುಕಲಿ ಎಂದುಕೊಂಡಳು.

ಬರಿಗಾಲಲ್ಲಿ ಮೀನಿನ ಬಂದರನ್ನೆಲ್ಲ ಸುತ್ತಿದಳು. ಮಾರುತೇಶ್ ಎಂದರೆ ಗೊತ್ತಿಲ್ಲವೆಂದು ತಲೆ ಅಲ್ಲಾಡಿಸುವವರೇ ಎಲ್ಲ. ಕಾದ ಕಾಂಕ್ರೀಟಿಗೆ ಕಾಲು ಸುಟ್ಟು, ಬೋಟು ನಿಲ್ಲುವ ಧಕ್ಕೆಯ ಪಕ್ಕದ ಚಹಾದಂಗಡಿಯ ನೆರಳಿಗೆ ಬಂದು ಕುಂತಳು. ಬೆಂಚಿನ ಕೆಳಗೆ ಒಂದು ಜೊತೆ ಸವೆದ ಚಪ್ಪಲಿ ಒಪ್ಪವಾಗಿ ಜೋಡಿಸಿಟ್ಟಿತ್ತು.

"ಇವು ಯಾರವ್ರೀ?"

"ನಮ್ಮ ಬಳ್ಳಾರಿಯದ್ದು. ಆ ಕಡೆಯವ ಅಂತ ಅವನನ್ನು ಎಲ್ಲರೂ ಹಾಗೇ ಕರೆಯುವುದು," ಎಂದಳು ಅಂಗಡಿಯಾಕೆ. "ಬೋಟ್ ಹತ್ತುವಾಗೆಲ್ಲ ಚಪ್ಪಲಿ ಇಲ್ಲಿ ಬಿಟ್ಟೇ ಹೋಗುವುದು. ಎಷ್ಟು ನಗಾಡಿದರೂ ಕೇಳುವುದಿಲ್ಲ ಮಾರಾಯ್ತಿ."

"ಈಗ ಎಲ್ಲಿ ಅದಾನ್ರಿ?"

"ನಿನ್ನೆ ಕಡಲಿಗೆ ಹೋದ. ಬರ್ಲಿಕ್ಕೆ ಹತ್ತು ದಿನ ಉಂಟು. ನೀವು ಅವನಿಗೆ ಎಂತ ಆಗ್ಬೇಕು?"

"ಅಕ್ಕ" ಎಂದಳು ಪಂಪಾವತಿ. ಒಂದೇ ಒಂದು ದಿನ ಮೊದಲು ಬಂದಿದ್ದರೆ! ಬಗ್ಗಿ ಆ ಚಪ್ಪಲಿಯನ್ನು ಬೆಂಚಿನಡಿಯಿಂದ ಎಳೆದುಕೊಂಡಳು.

ಹತ್ತು ದಿನ ಕಾಯುವಂತಿರಲಿಲ್ಲ, ಊರಲ್ಲಿ ತೆಪ್ಪ ನಡೆಸುವವರಿಲ್ಲ. ರೊಟ್ಟಿಯ ಗಂಟನ್ನು ಅಂಗಡಿಯಾಕೆಯ ಕೈಗಿತ್ತು, ತಮ್ಮನ ಚಪ್ಪಲಿ ಮೆಟ್ಟಿ ಎದ್ದಳು.

"ಅಯ್ಯೋ, ಅದು ಅವನದ್ದು!"

"ಅಕ್ಕ ಒಯ್ದಾಳ, ಬೇಕಾದ್ರ ಮನಿಗೆ ಬಂದು ತಗಂಡ್ಹೋಗು ಅಂತ ಹೇಳ್ರಿ."

ದೊಡ್ಡ ಚಪ್ಪಲಿ ಎಳೆದುಕೊಂಡು ಮೆಟ್ಟಿಲವರೆಗೆ ನಡೆದಳು. ದೋಣಿ ಹತ್ತುವ ಮುಂಚೆ ಕಳಚಿದಳು. ಈ ಸಲ ದಡದಲ್ಲಿ ಬಿಡಲಿಲ್ಲ. ಸೆರಗಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು, ಕಡಲಿನ ಕಡೆಗೇ ಮುಖ ಮಾಡಿ ಕೂತಳು.