ಗೇಟಿನಲ್ಲೇ ನಿಂತ ದೂರು

ಗೆಳೆಯರೇ, ನಾನು ನೋಡಿಕೊಳ್ಳುವ ಮೇಲ್ ಸರ್ವರ್‌ನಿಂದಾಗಿ ಇವತ್ತು ಬೈಗುಳ ತಿಂದೆ.

ನೆಲ್ಯಾಡಿಯ ರಬ್ಬರ್ ವ್ಯಾಪಾರಿ ವರ್ಗೀಸರು ಬೆಳಿಗ್ಗೆ ನಮ್ಮ ಪುತ್ತೂರಿನ ಆಫೀಸಿಗೇ ಬಂದರು. "ಎಂತ ಮಾರಾಯ್ರೆ, ನಾನು ವೈರಸ್ ಕಳಿಸಿದ್ದೇನೆ ಅಂತ ನಿಮ್ಮ ಸರ್ವರ್ ನನಗೆ ಮೇಲ್ ಹಾಕಿದೆ. ನಾನು ಎಂತದೂ ಕಳಿಸ್ಲಿಲ್ಲ."

ಕಳಿಸಿದವರ ಜಾಗದಲ್ಲಿ ಯಾರೋ ಅವರ ವಿಳಾಸ ಹಾಕಿ ನಮಗೆ ವೈರಸ್ ಕಳಿಸಿದ್ದರು. ನೆರೆಮನೆಯಿಂದ ಪಲ್ಯ ಬಂದ ಪಾತ್ರೆಯನ್ನು ಖಾಲಿ ಕೊಡಬಾರದು ಎನ್ನುವ ಮನೆಯವರಂತೆ ನಮ್ಮ ಸರ್ವರ್ ಅದನ್ನು ಒಳಗೆ ತೆಗೆದುಕೊಂಡು, ವೈರಸ್ ಸಮೇತ ಇವರಿಗೆ ಹಿಂದಿರುಗಿಸಿತ್ತು.

"ನೀವು ತೆರೆಯಲಿಲ್ಲ ತಾನೆ?"

"ನನ್ನ ಹೆಸರಲ್ಲಿ ವಾಪಸ್ ಬಂದದ್ದಲ್ವಾ, ಒಳಗೆ ಎಂತ ಉಂಟು ಅಂತ ನೋಡುದು ಬೇಡ್ವಾ? ಅಂಗಡಿಯ ಕಂಪ್ಯೂಟರ್ ಈಗ ಆನ್ ಆಗುದಿಲ್ಲ. ಬೇಡದ್ದನ್ನು ಗೇಟಿನಲ್ಲೇ ಬೇಡ ಅನ್ನುದು. ಒಳಗೆ ಕರೆದು, ಆಮೇಲೆ ನನ್ನ ಅಂಗಳಕ್ಕೆ ತಂದು ಹಾಕುದಾ?"

ಸರಿಯಾದ ಕ್ರಮ ಅದೇ. ವೈರಸ್ ಇರುವ ಮೇಲನ್ನು ಸ್ವೀಕರಿಸುವ ಮೊದಲೇ ತಿರಸ್ಕರಿಸುವಂತೆ ಅವರೆದುರೇ ಸೆಟ್ಟಿಂಗ್ ಬದಲಾಯಿಸಿದೆ.

ಸಂಜೆ ಅವರ ಫೋನ್ ಬಂತು. "ನಿಮ್ಮ ಮ್ಯಾನೇಜರಿಗೆ ನಿಮ್ಮ ಮೇಲೆ ದೂರು ಬರೆದೆ. ಸಾಕ್ಷಿಗೆ ಆ ವೈರಸನ್ನೂ ಸೇರಿಸಿ ಮೊಬೈಲಿಂದ ಕಳಿಸಿದೆ. ನಿಮ್ಮ ಸರ್ವರ್ ತೆಗೊಳ್ಳುದಿಲ್ಲ ಅಂತ ಬರ್ತಾ ಉಂಟಲ್ಲ?"

"ಗೇಟಿನಲ್ಲೇ ನಿಲ್ಲಿಸ್ಲಿಕ್ಕೆ ನೀವೇ ಹೇಳಿದ್ದಲ್ವಾ" ಅಂದೆ.

ಒಳ್ಳೆಯ ಸಲಹೆಯನ್ನು ತಡಮಾಡದೆ ಪಾಲಿಸಬೇಕು ಗೆಳೆಯರೇ, ನೌಕರಿ ಉಳಿಯುತ್ತದೆ.