ರೋಬೋಟಿಗೆ ಒಂದು ಗುಟುಕು ನೀರು

ನಾನು ನಿಂತಿದ್ದದ್ದು ಕೊಟ್ಟೂರಿನ ನಮ್ಮ ಮನೆಯಲ್ಲಿ, ನಡುಮನೆಯ ಹೊಸ್ತಿಲ ಒಳಗೆ, ಬಾಗಿಲ ಚೌಕಟ್ಟಿಗೆ ಭುಜ ಆನಿಸಿ. ದೀಪ ಹಚ್ಚಿ ಸ್ವಲ್ಪ ಹೊತ್ತಾಗಿತ್ತು. ಅಲ್ಲಿಂದ ಟಿವಿಯೂ ಕಾಣುತ್ತಿತ್ತು, ಗೌರತ್ತೆಯ ಎರಡೂ ಕೈಗಳೂ ಕಾಣುತ್ತಿದ್ದವು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆ ಸಂಜೆ ನಡೆದದ್ದನ್ನು ಅತ್ತೆ ಇವತ್ತಿಗೂ ಒಪ್ಪುವುದಿಲ್ಲ.

ನಮ್ಮಪ್ಪನ ತಂಗಿಯಾದ ಅವಳಿಗೆ ಲಕ್ವ ಹೊಡೆದು ಬಲಗೈ ಸೋತಿತ್ತು. ವ್ಯಾಯಾಮ ಹೇಳಿಕೊಡಲು ಬಂದಾಕೆ ಹಿಚುಕಲು ಒಂದು ರಬ್ಬರ್ ಚೆಂಡು ಕೊಟ್ಟಳು. ಕೈ ಆಡಿಸದಿದ್ದರೆ ಅದು ಹೀಗೇ ಉಳಿದುಬಿಡುತ್ತದೆ ಎಂದಳು. ಅತ್ತೆ ಚೆಂಡನ್ನು ಮಂಚದ ಕೆಳಗೆ ಉರುಳಿಸಿದಳು. ಅಷ್ಟರಲ್ಲಿ ಅವಳ ಗಂಡ, ಅಂದರೆ ನಮ್ಮ ಮಾವ, ಮತ್ತು ನಾನು ಇಬ್ಬರೂ ದಣಿದಿದ್ದೆವು. ದಣಿದವರ ಮನೆಯಲ್ಲಿ ಮಾತು ಕಡಿಮೆ, ಪಾತ್ರೆಗಳ ಸದ್ದು ಹೆಚ್ಚು. ಆ ಸದ್ದು ತಾಳಲಾರದೆ ಅಟ್ಟದ ಮೇಲಿದ್ದ ನನ್ನ ಶಾಲಾ ದಿನಗಳ ವಿಡಿಯೋ ಗೇಮ್ ಇಳಿಸಿ, ಟಿವಿಗೆ ಜೋಡಿಸಿ, ಅತ್ತೆಯ ಕೈಗೆ ಕೊಟ್ಟೆ.

ಆಟ ಸರಳ. ಒಂದು ರೋಬೋಟ್ ಎಡದಿಂದ ಬಲಕ್ಕೆ ನಡೆಯುತ್ತದೆ, ಗುಂಡು ಹಾರಿಸುತ್ತದೆ, ಹೊಂಡ ಜಿಗಿಯುತ್ತದೆ. ಕೈಯಲ್ಲಿ ಹಿಡಿಯುವ ರಿಮೋಟಿನಲ್ಲಿ ನಡೆಸುವ ಗುಂಡಿ ಎಡಗಡೆ, ಜಿಗಿಸುವ ಗುಂಡಿ ಬಲಗಡೆ. ಸೋತ ಹೆಬ್ಬೆರಳಿಗೆ ಅಷ್ಟಾದರೂ ಕೆಲಸ ಸಿಗಲಿ ಎಂಬುದು ನನ್ನ ಎಣಿಕೆ. ಚಿಕ್ಕವನಿದ್ದಾಗ ನಾನು ಮೂರನೆಯ ಹೊಂಡ ದಾಟಿದವನಲ್ಲ. ಗುರುವಿನ ಯೋಗ್ಯತೆ ಅಷ್ಟೇ.

ತೊಡಕು ಬಂದದ್ದು ಬೇರೆ ಕಡೆಯಿಂದ. ದೊಡ್ಡ ಹೊಂಡ ಜಿಗಿಯಬೇಕಾದರೆ ನಾಲ್ಕು ಹೆಜ್ಜೆ ಹಿಂದೆ ಬಂದು ಓಡಬೇಕು. ನಮ್ಮಲ್ಲಿ ಹೊರಟವರು ಹಿಂದಕ್ಕೆ ಬರಬಾರದು. ಬಂದರೆ ಒಂದು ಗುಟುಕು ನೀರು ಕುಡಿದೇ ಮತ್ತೆ ಹೊರಡಬೇಕು. ಉಜ್ಜಿನಿಗೆ ಹೊರಟ ಮಾವ ಛತ್ರಿ ಮರೆತು ತಿರುಗಿ ಬಂದು, ಈ ನೀರಿನ ನೇಮದಲ್ಲೇ ಬಸ್ಸು ತಪ್ಪಿಸಿಕೊಂಡದ್ದುಂಟು. ಅತ್ತೆ ರೋಬೋಟಿಗೂ ಅದೇ ನೇಮ ಹಾಕಿದಳು. ಅದು ಹಿಂದೆ ಸರಿದಾಗಲೆಲ್ಲ ಆಟ ಬಿಟ್ಟು, ಪಕ್ಕದ ಲೋಟವನ್ನು ಎಡಗೈಯಲ್ಲಿ ಎತ್ತಿ, ಅದರ ಪರವಾಗಿ ತಾನು ಕುಡಿಯುವಳು. ತಗಡಿನ ದೇಹ, ನೀರು ಕುಡಿಸಿದರೆ ತುಕ್ಕು ಹಿಡಿಯುತ್ತದೆ ಎಂದೆ.

“ತುಕ್ಕು ಉಜ್ಜಿದ್ರ ಹೋಗ್ತೈತಿ. ಅಪಶಕುನ ಉಜ್ಜಿದ್ರ ಹೋಗ್ತೈತೇನಲೇ?” ಎಂದಳು.

ಆ ಸಂಜೆ ರೋಬೋಟ್ ಹೊಸ ಜಾಗಕ್ಕೆ ಬಂತು. ಅಲ್ಲಿ ಕಾಲ ಕೆಳಗಿನ ನೆಲವೇ ಹೊಂಡದ ಕಡೆ ಹರಿಯುತ್ತದೆ. ಹಿಂದಕ್ಕೆ ನಡೆಸುವ ಗುಂಡಿಯನ್ನು ಒತ್ತಿಯೇ ಹಿಡಿದರೆ ಮಾತ್ರ ಅದು ನಿಂತಲ್ಲಿ ನಿಲ್ಲುತ್ತದೆ. ಅತ್ತೆಯ ಎಡ ಹೆಬ್ಬೆರಳು ಬಿಟ್ಟರೆ ರೋಬೋಟ್ ಹೋಯಿತು. ನೀರು ಕುಡಿಯದೆ ಮುಂದೆ ಕಳಿಸುವಂತಿಲ್ಲ. ಪಾತ್ರೆ ಹಿಂತಿರುಗಿಸಲು ಬಂದಿದ್ದ ಪಕ್ಕದ ಮನೆಯ ಅಂಬಕ್ಕ ಲೋಟ ಎತ್ತಿಕೊಡಲು ಬಗ್ಗಿದಳು. ಮಾವ ಮಂಚದಿಂದಲೇ ಕೈಸನ್ನೆ ಮಾಡಿ ತಡೆದರು.

ಬಲಗೈ ಹೊರಟಿತ್ತು. ನಿಧಾನಕ್ಕೆ, ನೆಲ ಸವರುತ್ತ. ಬೆರಳುಗಳು ಲೋಟವನ್ನು ಮೊದಲು ದೂಡಿದವು, ಆಮೇಲೆ ಸುತ್ತಿಕೊಂಡವು. ಲೋಟ ಎದ್ದಿತು. ಅರ್ಧ ನೀರು ಸೆರಗಿನ ಮೇಲೆ ಚೆಲ್ಲಿತು, ಅದನ್ನೂ ಹೇಳಬೇಕು. ಉಳಿದದ್ದು ಬಾಯಿ ಮುಟ್ಟಿತು. ನಾನು ಚೌಕಟ್ಟನ್ನು ಹಿಡಿದುಕೊಂಡೆ.

“ಗೌರಾ, ಯಾವ ಕೈಲೆ ಕುಡದಿ?” ಎಂದರು ಮಾವ.

“ಎಡಗೈಲೆ. ಇನ್ಯಾವ್ದೈತ್ರಿ ನನಗ?” ಎಂದಳು, ಟಿವಿಯಿಂದ ಕಣ್ಣು ತೆಗೆಯದೆ.

ರೋಬೋಟ್ ಹೊಂಡ ದಾಟಿತೋ ಬಿತ್ತೋ ನನಗೆ ಗೊತ್ತಿಲ್ಲ. ನಾನು ಆ ಕಡೆ ನೋಡುತ್ತಿರಲಿಲ್ಲ. ಒದ್ದೆ ಸೆರಗಿನ ಬಗ್ಗೆ ಅತ್ತೆ ಏನೂ ಕೇಳಲಿಲ್ಲ. ಮರುದಿನ ಮಂಚದ ಕೆಳಗಿನ ಚೆಂಡು ಅವಳ ಮಡಿಲಲ್ಲಿತ್ತು. ಈಗ ಲೋಟ ಹಿಡಿಯುತ್ತಾಳೆ. ರೊಟ್ಟಿ ಬಡಿಯಲು ಇನ್ನೂ ಆಗಿಲ್ಲ.

ಮಾವ ಹೋದ ವರ್ಷ ತೀರಿಕೊಂಡರು. ಆ ಸಂಜೆ ಕಣ್ಣಾರೆ ಕಂಡವರಲ್ಲಿ ಉಳಿದಿರುವುದು ನಾನು ಮತ್ತು ಅಂಬಕ್ಕ. ಅತ್ತೆಯೂ ಇದ್ದಾಳೆ, ಆದರೆ ಅವಳು ನೋಡಲಿಲ್ಲ. ರೋಬೋಟ್ ಬೀಳದಂತೆ ಹಿಡಿದುಕೊಂಡಿದ್ದಳು.