ನಿಕಾನೋರನ ಹೆಸರು, ಇನ್ನೊಬ್ಬನ ಕೈ

ಲಾ ಸೀಬಿತಾದ ನಿಕಾನೋರ್ ಬ್ರೊಚೇರೊ ಕುದುರೆ ಜೀನು ಹೊಲಿಯುತ್ತಿದ್ದುದು ಹೊಟ್ಟೆಪಾಡಿಗೆ, ಕಾಹಾ ಬಾರಿಸುತ್ತಿದ್ದುದು ಜೀವಕ್ಕೆ. ಮೊಣಕಾಲ ನಡುವೆ ಸಿಕ್ಕಿಸಿಕೊಳ್ಳುವ ಆ ಪುಟ್ಟ ಚರ್ಮವಾದ್ಯಕ್ಕೆ ಆಡಿನ ತೊಗಲನ್ನು ತಾನೇ ಹದ ಮಾಡುತ್ತಿದ್ದ. ಕೋಪ ಮೂಗಿನ ತುದಿಯಲ್ಲೇ. ಯಾರಾದರೂ ತಾಳ ತಪ್ಪಿ ಚಪ್ಪಾಳೆ ತಟ್ಟಿದರೆ ಬಾರಿಸುವುದನ್ನೇ ನಿಲ್ಲಿಸಿ ದುರುಗುಟ್ಟುವ ಆಸಾಮಿ. ಆದರೂ ಅವನಿಲ್ಲದ ಮದುವೆ ನಮ್ಮ ಕಡೆ ಮದುವೆಯೇ ಅಲ್ಲ. ಅಕಾರ್ಡಿಯನ್ ನುಡಿಸುತ್ತ ಹಾಡುವ ಎವೇಲಿಯೊ ಮಿಂದಿಯೋಲಾನಿಗೆ ಇಪ್ಪತ್ತೆರಡು ವರ್ಷ ಅವನೇ ಜೊತೆ.

ದೂರದ ಮೆದೆಯೀನ್ ನಗರದ ರೆಕಾರ್ಡ್ ಕಂಪನಿ ಕರೆದಾಗ ಇಬ್ಬರೂ ಎರಡು ದಿನ ಬಸ್ಸಿನಲ್ಲಿ ಕುಲುಕಾಡಿಕೊಂಡು ಹೋದರು. ಅಲ್ಲಿನ ಯಜಮಾನ ಅರ್ಧ ಹಾಡು ಕೇಳಿ ಸಾಕೆಂದು ಕೈ ಎತ್ತಿದ.

"ಈ ಕಾಹಾದವರು ತಾಳ ಬಿಟ್ಟು ಹಾಡುವವನ ಉಸಿರಿನ ಹಿಂದೆ ಓಡ್ತಾರೆ. ನಮ್ಮ ಹುಡುಗನೇ ಬಾರಿಸಲಿ. ವಾದ್ಯದವರನ್ನ ಆರಿಸೋದು ಕಂಪನಿ ಅಂತ ಕಾಗದದಲ್ಲೇ ಇದೆಯಲ್ಲ."

ಇತ್ತು. ಎವೇಲಿಯೊ ಓದದೆ ರುಜು ಹಾಕಿದ್ದ. ನಿಕಾನೋರ್ ಇಡೀ ದಿನ ರೆಕಾರ್ಡಿಂಗ್ ಕೋಣೆಯ ಬಾಗಿಲ ಹೊರಗಿನ ಬೆಂಚಿನ ಮೇಲೆ ಕೂತ. ಊರಿಗೆ ಬಂದು ನಾಚಿಕೆಯಿಂದ ಯಾರ ಮುಂದೆಯೂ ಇದರ ಬಗ್ಗೆ ಬಾಯಿ ಬಿಡಲಿಲ್ಲ.

ನಮ್ಮ ರೆಕಾರ್ಡುಗಳಲ್ಲಿ ಹಾಡುವವನು ನಡುವೆ ಒಬ್ಬರ ಹೆಸರು ಕೂಗಿ ಗೌರವ ಸಲ್ಲಿಸುವುದುಂಟು. ಹಾಗೆ ತಮ್ಮ ಹೆಸರು ಕೂಗಿಸಿಕೊಳ್ಳಲು ಹಾಡುವವನಿಗೆ ಕರು ಕೊಡುವ ಜಮೀನ್ದಾರರೂ ಇದ್ದಾರೆ. ಮೂರು ತಿಂಗಳ ಮೇಲೆ ರೆಕಾರ್ಡು ಬಂತು. ಅಬುಂದಿಯೊನ ಅಂಗಡಿಯಲ್ಲಿ ಎಲ್ಲರೂ ಸೇರಿ ಕೇಳುತ್ತಿದ್ದಾಗ, ಎರಡನೇ ಚರಣದಲ್ಲಿ ರೆಕಾರ್ಡಿನೊಳಗಿನ ಎವೇಲಿಯೊ ಕೂಗಿದ: "ನಿಕಾನೋರ್! ಓ ನಿಕಾನೋರ್!"

ಅಂಗಡಿಗೆ ಅಂಗಡಿಯೇ ಎದ್ದು ಕುಣಿಯಿತು.

"ಏನ್ ಕೈಯೋ ನಿಂದು! ಇನ್ಮೇಲೆ ನಮ್ಮನ್ನೆಲ್ಲ ಮಾತಾಡಿಸ್ತೀಯೋ ಇಲ್ವೋ?" ಎಂದ ಅಬುಂದಿಯೊ, ರಮ್ ಸುರಿಯುತ್ತ.

"ಅದು ನನ್ನ ಕೈ ಅಲ್ಲ."

"ಅಬ್ಬಬ್ಬಾ, ವಿನಯ ನೋಡಿ ಇವನದ್ದು!"

ಎಲ್ಲರೂ ನಕ್ಕರು. ನಿಕಾನೋರ್ ರಮ್ ಮುಟ್ಟದೆ ಎದ್ದ. ನೆತ್ತಿಯ ಮೇಲಿನ ಬಿಸಿಲಲ್ಲಿ ನೇರ ಎವೇಲಿಯೊನ ಮನೆಗೆ ನಡೆದ. ಆ ಗೆಳೆತನ ಅಂದಿಗೆ ಮುಗಿಯಿತೆಂದೇ ಅವನ ಲೆಕ್ಕ.

"ಯಾವನೋ ಬಾರ್ಸಿದ್ದಕ್ಕೆ ನನ್ನ ಹೆಸರಾ? ನಾನೇನು ಭಿಕ್ಷೆ ಕೇಳಿದ್ನಾ ನಿನ್ನ?"

ಎವೇಲಿಯೊ ಊಟಕ್ಕೆ ಕೂತಿದ್ದ. "ಕೂತ್ಕೋ ಮಾರಾಯ. ಮರಗೆಣಸು ಆರಿಹೋಗತ್ತೆ."

"ನಿನ್ನ ಗೆಣಸಿಗಿಷ್ಟು ಬೆಂಕಿ ಹಾಕ! ನಂಗೆ ಉತ್ತರ ಹೇಳು."

ಎವೇಲಿಯೊ ತಟ್ಟೆ ಸರಿಸಿದ. ಮುಖ ಎತ್ತಲಿಲ್ಲ.

"ಅದು ಗೌರವಕ್ಕೆ ಕೂಗಿದ್ದಲ್ಲ ಕಣೋ. ಆ ಹುಡುಗ ಗಡಿಯಾರದ ಹಾಗೆ ಬಾರಿಸ್ತಿದ್ದ. ಎರಡನೇ ಚರಣಕ್ಕೆ ನಾನು ಉಸಿರು ತಗೊಳ್ಳೋಕೂ ಕಾಯ್ದೆ ಮುಂದೆ ಹೋಗ್ಬಿಟ್ಟ. ನೀನಿಲ್ದೆ ನಾನು ಯಾವತ್ತು ನುಡ್ಸಿದೀನಿ ಹೇಳು? ಹೆದರ್ಕೊಂಡು ಕರ್ದೆ. ಅವರು ಅದನ್ನ ನಮ್ಮ ಪದ್ಧತಿ ಅಂದ್ಕೊಂಡು ಹಾಗೇ ಬಿಟ್ರು. ನೀನು ಬಾಗ್ಲಾಚೆನೇ ಇದ್ಯಲ್ಲ, ಕೇಳ್ಸತ್ತೆ, ಒಳಗೆ ಬರ್ತೀಯ ಅಂದ್ಕೊಂಡೆ."

ನಿಕಾನೋರ್ ಆ ತಟ್ಟೆಯ ಎದುರಿಗೆ ಬಂದು ಕೂತ. ಅವನಿಗೆ ಏನೂ ಕೇಳಿಸಿರಲಿಲ್ಲ. ಸದ್ದು ದಾಟಬಾರದೆಂದು ಆ ಬಾಗಿಲಿಗೆ ಕಂಪನಿಯವರು ಗೇಣು ದಪ್ಪ ಹತ್ತಿ ತುಂಬಿಸಿದ್ದರು. ಕೇಳಿಸಿದ್ದರೆ ಅವನು ಬಾಗಿಲು ಮುರಿದಾದರೂ ಒಳಗೆ ಹೋಗುತ್ತಿದ್ದ.